ನೋವುಬೀಗರ ಪುಸ್ತಕದ ಒಂದು ತಪ್ಪು ಸಾಲು

ನಮ್ಮೂರಿನ ಆರೋಗ್ಯ ನಡೆಯುತ್ತಿರುವುದು ನನ್ನಿಂದ. ತಮ್ಮಿಂದ ಎಂದು ಡಾಕ್ಟರರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ, ಪಾಪ, ಅವರಿಗೂ ಒಂದು ಸಮಾಧಾನ ಬೇಕಲ್ಲ. ಏಳು ಉಪಕೇಂದ್ರ, ಒಂದು ಹೊಳೆ, ಎರಡು ಜೀಪು (ಒಂದಕ್ಕೆ ಬ್ರೇಕಿಲ್ಲ, ಇನ್ನೊಂದಕ್ಕೆ ಬ್ರೇಕು ಬಿಟ್ಟರೆ ಬೇರೇನೂ ಇಲ್ಲ), ಲಸಿಕೆ ಇಡುವ ಒಂದು ಫ್ರಿಜ್ಜು, ಮೂವತ್ತೊಂದು ಸಾವಿರ ಜನ. ಇಷ್ಟನ್ನೂ ಪ್ರಾಂತ್ಯ ಆರೋಗ್ಯ ಸಮನ್ವಯ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತು, ಒಂದೇ ಫೋನು ಹಿಡಿದು, ಒಂದೇ ಕಿವಿಯಿಂದ ಇಪ್ಪತ್ತಾರು ವರ್ಷ ನಡೆಸಿದವನು ಈ ಅಡಿವೆಪ್ಪ. ಇನ್ನೊಂದು ಕಿವಿಯನ್ನು ಮುಂದಿನ ಇಪ್ಪತ್ತಾರು ವರ್ಷಕ್ಕೆಂದು ತೆಗೆದಿಟ್ಟಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಏಳೂ ಕೇಂದ್ರಗಳಿಂದ ಕರೆ ಬರುತ್ತದೆ. ಹಳೇಪೇಟೆಯ ನರ್ಸು ಹೇಳುತ್ತಾಳೆ, "ಸರ್, ಬಡಿಗೇರ ಮೌನೇಶಗ ಬಲದವಡಿ ಸಿಡಿಯಾಕತ್ತೈತಿ." ನಾನು ಪುಸ್ತಕ ತೆರೆಯುವುದಿಲ್ಲ, ಕಣ್ಣೂ ತೆರೆಯುವುದಿಲ್ಲ. "ಅವನ ನೋವುಬೀಗರು ಸುಣ್ಣದಗೂಡಿನ ಪೋಸ್ಟ್‌ಮಾಸ್ತರು. ಅವರ ಬಾಯಿ ತೆಗಿಸಿ ಬಲದವಡಿ ನೋಡ್ರಿ" ಎನ್ನುತ್ತೇನೆ. ಅಲ್ಲಿ ಹೋಗಿ ನೋಡಿದರೆ ಪೋಸ್ಟ್‌ಮಾಸ್ತರು ಅರ್ಧ ಹುಳುಕಾದ ಹಲ್ಲಿನಿಂದ ನೆಮ್ಮದಿಯಾಗಿ ಹುರಿಗಡಲೆ ಕಡಿಯುತ್ತ ಕೂತಿರುತ್ತಾರೆ. ಅವರ ಹಲ್ಲು ಕಿತ್ತರೆ ಮೌನೇಶ ಒಮ್ಮೆ ಕಿರುಚಿ, ಆಮೇಲೆ ಮರ ಹೆರೆಯುವ ರಂದ ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಇಂಥ ಮುನ್ನೂರ ಹದಿನೇಳು ನೋವುಗಳನ್ನು ನಾನು ಒಂದು ಕಪ್ ಚಹಾ ಆರುವುದರೊಳಗೆ ಮನೆ ಮುಟ್ಟಿಸಿದ್ದೇನೆ. ಚಹಾ ಸ್ವಲ್ಪ ಹೆಚ್ಚೇ ಬಿಸಿ ಇತ್ತು ಎನ್ನುವವರಿದ್ದಾರೆ. ಹೊಟ್ಟೆಕಿಚ್ಚಿಗೆ ನಮ್ಮ ಕೇಂದ್ರಗಳಲ್ಲಿ ಔಷಧಿ ಇಲ್ಲ.

ಬೇರೆ ಊರುಗಳಲ್ಲಿ ಏಟು ಯಾರಿಗೆ ಬಿತ್ತೋ ನೋವೂ ಅವರಿಗೇ ಆಗುತ್ತದಂತೆ. ಎಂಥ ಒಂಟಿ ಬಾಳು! ನಮ್ಮಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರ ನೋವು ಬರುತ್ತದೆ. ಬೀಗರೆಂದ ಮೇಲೆ ಬೀಗರ ಮರ್ಯಾದೆಯೂ ಉಂಟು. ಬೀಗರಿಗೆ ಹೊಟ್ಟೆ ನೋಯುತ್ತದೆಂದು ಜನ ಹಲಸಿನ ಹಣ್ಣಿನ ನಾಲ್ಕನೇ ತೊಳೆ ಮುಟ್ಟುವುದಿಲ್ಲ. ಹಬ್ಬಕ್ಕೆ ಹೋಳಿಗೆ ಒಯ್ದು ಕೊಟ್ಟು, "ಈ ವರ್ಷ ನಿಮಗೇನು ತ್ರಾಸು ಕೊಟ್ನಿ?" ಎಂದು ಕೇಳುತ್ತಾರೆ. ಉತ್ತರದ ಉದ್ದ ನೋಡಿ ಮುಂದಿನ ವರ್ಷ ತುಪ್ಪ ಹೆಚ್ಚಿಸುತ್ತಾರೆ. ನನ್ನ ನೋವು ಹೋಗುವುದು ದೊಡ್ಡ ಕೇಂದ್ರದ ಎಸ್ತೇರಮ್ಮ ಸಿಸ್ಟರಿಗೆ. ನಾನು ಮೇಜಿನ ಕಾಲಿಗೆ ಹೆಬ್ಬೆರಳು ಎಡವಿದರೆ ಗೋಡೆಯಾಚೆಯಿಂದ "ಅಡಿವೆಪ್ಪಾ, ಕಣ್ಣು ಎಲ್ಲಿಟ್ಟೀರಿ?" ಎಂದು ಕೂಗು ಬರುತ್ತದೆ.

ಯಾರಿಗೆ ಯಾರು ಬೀಗರು ಎಂದು ಗೊತ್ತಾಗುವುದು ಸೂಜಿ ದಿನ. ತಿಂಗಳಿಗೊಮ್ಮೆ, ಗುರುವಾರ, ಹೊಸ ಕೂಸುಗಳಿಗೆ ಮೊದಲ ಲಸಿಕೆ. ಒಂದು ಡೋಲಿನ ಪೆಟ್ಟು, ಒಂದು ಸೂಜಿ. ಡೋಲು ಬಿದ್ದೊಡನೆ ಊರಿಗೆ ಊರೇ ಉಸಿರು ಹಿಡಿಯುತ್ತದೆ. ಸೂಜಿ ಚುಚ್ಚಿಸಿಕೊಂಡ ಕೂಸು ನಗುತ್ತಿರುತ್ತದೆ. ಯಾವುದೋ ಓಣಿಯಲ್ಲಿ ಯಾರೋ ತೊಡೆ ಹಿಡಿದು "ಅಯ್ಯೋ!" ಎನ್ನುತ್ತಾರೆ. ಕೂಗಿದವರನ್ನು ಹಿಡಿದು ತಂದು, ಕೂಸನ್ನು ಮಡಿಲಲ್ಲಿಟ್ಟು, ಪುಸ್ತಕದಲ್ಲಿ ಹೆಸರು ಬರೆಯುವುದು ಸಂಯೋಜಕನ ಕೆಲಸ. ಅಂದರೆ ನನ್ನ ಕೆಲಸ. ಆ ಪುಸ್ತಕದಲ್ಲಿ ಒಂದು ತಪ್ಪು ತೋರಿಸಿದವರಿಗೆ ನನ್ನ ಮೀಸೆ ಬೋಳಿಸಿ ಕೊಡುತ್ತೇನೆಂದು ಸಂತೆಯಲ್ಲಿ ನಿಂತು ಸಾರಿದ್ದೆ. ಈಗ ನನಗೆ ಮೀಸೆ ಇಲ್ಲ. ಅದು ಹೋದದ್ದು ಹೀಗೆ.

ಇಪ್ಪತ್ತೈದು ವರ್ಷದ ಹಿಂದೆ ನನ್ನ ಬೀಗರಾಗಿದ್ದ ಮುದುಕರೊಬ್ಬರು ತಮ್ಮ ಮಂಡಿನೋವನ್ನು ನನಗೆ ಮೂವತ್ತು ವರ್ಷ ಕೊಟ್ಟು ತೀರಿಕೊಂಡರು. ಎರಡು ವರ್ಷ ನಾನು ಖಾಲಿ. ಖಾಲಿ ಇರುವವರು ಸುಮ್ಮನಿದ್ದು ಮುಂದಿನ ಕೂಸಿಗೋ, ತಮ್ಮ ನೋವು ಹೊರುವ ಬೀಗರನ್ನು ಕಳೆದುಕೊಂಡ ಹಿರಿಯರಿಗೋ ಕಾಯಬೇಕು. ನಾನು ಸುಮ್ಮನಿರುವ ಜಾತಕದವನಲ್ಲ. "ನನ್ನ ಮೈ ಕರೀಕಲ್ಲು, ನೋವು ಬಂದ್ರೂ ವಿಳಾಸ ಸಿಗದ ವಾಪಸ್ ಹೋಗ್ತೈತಿ" ಎಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದೆ. ಹಾಗೇ ಒಂದು ಸೂಜಿ ದಿನ ಹನ್ನೊಂದು ಜನರನ್ನು ಕೂರಿಸಿಕೊಂಡು ಅದನ್ನೇ ಹೇಳುತ್ತಿರುವಾಗ ಡೋಲು ಬಿತ್ತು. ಎಡತೊಡೆಗೆ ಚೇಳು ಕುಟುಕಿದ ಹಾಗಾಯಿತು. ಚೇಳೆಂದರೆ ಸಣ್ಣ ಚೇಳಲ್ಲ, ಏಡಿಯಷ್ಟು ದೊಡ್ಡದು. ಹನ್ನೊಂದು ಜೊತೆ ಕಣ್ಣು ನನ್ನ ಮೇಲಿದ್ದವು. ಕೂಗನ್ನು ನುಂಗಿದೆ. ಕಣ್ಣಲ್ಲಿ ನೀರು ಬಂತು. "ಚಹಾ ಸುಡಾಕತ್ತೈತಿ" ಎಂದೆ.

ಅದೇ ಗಳಿಗೆಗೆ ಎದುರು ಸಾಲಿನಿಂದ "ಅಯ್ಯಯ್ಯೋ, ಸತ್ನೆಪ್ಪೋ!" ಎಂಬ ಕೂಗು ಬಂತು. ಕೂಗಿದವನು ದರ್ಜಿ ರಾಜೇಸಾಬ. ಅವನಿಗೆ ನೋವೇನೂ ಆಗಿರಲಿಲ್ಲ. ಮದುವೆಯ ಕುಪ್ಪಸವೊಂದರ ತೋಳನ್ನು ಮೇಕೆ ಮೊಣಕೈವರೆಗೆ ತಿಂದುಬಿಟ್ಟಿತ್ತು. ಜನ ಮೇಕೆಯನ್ನು ನೋಡಲಿಲ್ಲ, ಓಡಿ ಹೋಗಿ ರಾಜೇಸಾಬನನ್ನು ಹಿಡಿದು ತಂದರು. "ಅದು ಮೇಕಿ... ಕುಬಸ..." ಎಂದು ಅವನು ತೊದಲುತ್ತಿರುವಾಗಲೇ ನಾಲ್ಕು ತಿಂಗಳ ಹೆಣ್ಣುಕೂಸನ್ನು ಅವನ ಮಡಿಲಿಗಿಟ್ಟರು. ಕೂಸು ಅವನ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಮಕ್ಕಳಿಲ್ಲದ ಮನುಷ್ಯ. ಮೇಕೆಯ ಸುದ್ದಿಯನ್ನು ಅಲ್ಲಿಗೇ ಬಿಟ್ಟ. ನಾನು ಉರಿಯುವ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಚಂದದ ಅಕ್ಷರದಲ್ಲಿ ಬರೆದೆ: ಕೂಸು ದುರ್ಗವ್ವ, ನೋವುಬೀಗರು ರಾಜೇಸಾಬ.

ಕೂಸು ಬೆಳೆಯಿತು. ತಾನು ಎಷ್ಟು ಸಲ ಬಿದ್ದರೂ ರಾಜೇಸಾಬ್ ಕಾಕಾ ಹುಬ್ಬು ಸಹ ಅಲುಗಿಸುವುದಿಲ್ಲ ಎಂದು ದುರ್ಗವ್ವ ಕಂಡುಕೊಂಡಳು. ಹಬ್ಬಕ್ಕೆ ಹೋಳಿಗೆ ಒಯ್ದು, "ಏನು ತ್ರಾಸು ಕೊಟ್ನಿ ಕಾಕಾ?" ಎಂದರೆ, "ಏನೂ ಇಲ್ಲವ್ವ, ಬಂಗಾರದಂಥಾಕಿ ನೀ" ಎನ್ನುತ್ತಿದ್ದ. ಬಂಗಾರದಂಥಾಕಿ ಅಲ್ಲಿಂದ ಸೀದಾ ಹುಣಸೆಮರ ಹತ್ತುತ್ತಿದ್ದಳು. ಅವಳಷ್ಟು ಧೈರ್ಯದ ಹುಡುಗಿ ಏಳು ಕೇಂದ್ರಗಳ ಸರಹದ್ದಿನಲ್ಲಿ ಇರಲಿಲ್ಲ. ಆ ಧೈರ್ಯದ ಬಾಡಿಗೆ ಕಟ್ಟುತ್ತಿದ್ದವನು ನಾನು. ಬೈಯೋಣವೆಂದರೆ ಯಾವ ಹಕ್ಕಿನಿಂದ ಬೈಯಲಿ? ಕೊನೆಗೆ ಅವಳು ಕರೆಂಟಿನ ಕಂಬ ಹತ್ತುವ ಕೆಲಸಕ್ಕೇ ಸೇರಿದಳು. ಪ್ರಾಂತ್ಯದ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ಅವಳೆಲ್ಲೋ ಟ್ರಾನ್ಸ್‌ಫಾರ್ಮರಿನ ತಂತಿ ಮುಟ್ಟಿದಳು. ನಾನು ಸಾಹೇಬರೆದುರು ಎರಡೂ ಕೈ ಮೇಲೆತ್ತಿ ಮೂರು ಸುತ್ತು ಕುಣಿದೆ. "ಏನ್ರೀ ಇದು?" ಎಂದರು. "ನಮ್ಮ ಕಡೆಯ ಜಾನಪದ ಸ್ವಾಗತ ಸರ್" ಎಂದೆ. ಮೆಚ್ಚಿ ಇನ್ನೊಮ್ಮೆ ತೋರಿಸಲು ಹೇಳಿದರು.

ತಪ್ಪು ಬರೆದ ಸಂಯೋಜಕನ ಕುರ್ಚಿ ಹೋಗುತ್ತದೆ, ಅದು ನಿಯಮ. ಕುರ್ಚಿಯಾದರೂ ಹೋಗಲಿ, ಕರೀಕಲ್ಲಿನ ಕಥೆ ಅಷ್ಟು ಹೊತ್ತಿಗೆ ಎಪ್ಪತ್ತೆರಡು ಹಳ್ಳಿಗೆ ಹಬ್ಬಿತ್ತು. ಅದನ್ನು ವಾಪಸ್ ಕರೆಸುವುದು ಹೇಗೆ? ಆದ್ದರಿಂದ ಇಪ್ಪತ್ತೆರಡು ವರ್ಷ ಒಂದೇ ಮಾತು ಹೇಳಿಕೊಂಡು ಬಂದೆ: "ಏನಿಲ್ಲ, ಗ್ಯಾಸು."

ಹೋದ ವರ್ಷದ ಗಾಳಿಯ ಕಾಲ. ಒಂದು ಸೋಮವಾರ ಬೆಳಗಿನ ಜಾವ ಬೀಸಿದ ಗಾಳಿಗೆ ಊರಿನ ಕರೆಂಟು ಹೋಗಿತ್ತು. ಗುರುವಾರ ಸೂಜಿ ದಿನ. ಫ್ರಿಜ್ಜಿನಲ್ಲಿ ಏಳೂ ಕೇಂದ್ರಗಳ ಲಸಿಕೆ. ಮಧ್ಯಾಹ್ನದೊಳಗೆ ಕರೆಂಟು ಬರದಿದ್ದರೆ ಅಷ್ಟೂ ಹಾಳು. ದುರ್ಗವ್ವ ಬೆಳಿಗ್ಗೆಯೇ ಹೊಳೆದಂಡೆಯ ಕಂಬ ಹತ್ತಿದ್ದಳು. ಒಂಬತ್ತರ ಸುಮಾರಿಗೆ ನನ್ನ ಹೊಕ್ಕುಳ ಸುತ್ತ ಏನೋ ಹಿಂಡಿದಂತಾಯಿತು. ಗ್ಯಾಸು ಎಂದುಕೊಂಡೆ, ಅಭ್ಯಾಸಬಲ. ಹನ್ನೊಂದಕ್ಕೆ ನೋವು ನಡೆದುಕೊಂಡು ಬಲಗಡೆ ಕೆಳಹೊಟ್ಟೆಗೆ ಬಂದು, ಚಾಪೆ ಹಾಸಿ ಕೂತಿತು. ಇಷ್ಟು ವರ್ಷ ಫೋನಿನಲ್ಲಿ ನೋವುಗಳನ್ನು ಕೇಳಿದವನಿಗೆ ಈ ನಡಿಗೆ ಗೊತ್ತಾಗದೆ ಇರುತ್ತದೆಯೇ? ಅಪೆಂಡಿಕ್ಸ್. ಹೊಟ್ಟೆ ಅವಳದು. ಅವಳಿಗೆ ಏನೂ ಗೊತ್ತಿಲ್ಲ, ಕಂಬದ ತುದಿಯಲ್ಲಿ ಕೂತಿದ್ದಾಳೆ. ಅದು ಒಡೆದರೆ ಅವಳು ಹಾಡುತ್ತ ಹಾಡುತ್ತಲೇ ಸಾಯುತ್ತಾಳೆ.

ಕುರ್ಚಿಯಿಂದ ಎದ್ದೆ. ಆದರೂ ನೋಡಿ ನನ್ನ ಬುದ್ಧಿ: ಓಡಿದ್ದು ಸಿಸ್ಟರ ಹತ್ತಿರಕ್ಕಲ್ಲ, ರಾಜೇಸಾಬನ ಅಂಗಡಿಗೆ. ಹೊಳೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ಪುಸ್ತಕದ ಬೀಗರು ಜೊತೆಗೆ ಬರದೆ ಯಾರ ಹೊಟ್ಟೆಯನ್ನೂ ಕೊಯ್ಯುವುದಿಲ್ಲ. ಪುಸ್ತಕದಲ್ಲಿರುವುದು ಅವನು.

"ರಾಜೇಸಾಬ, ಲಗೂನ ಹೊಟ್ಟಿ ಹಿಡಕೊಂಡು ಚೀರು."

"ಯಾಕೋ? ನನಗೇನಾಗೇತಿ?"

"ನಿನಗೇನೂ ಆಗಿಲ್ಲ. ದುರ್ಗಿಗೆ ಆಗೇತಿ."

ಅವನ ಕೈಯಿಂದ ಕತ್ತರಿ ಬಿತ್ತು. ನನ್ನ ಬೆವರಿದ ಮುಖವನ್ನು ಒಂದು ಗಳಿಗೆ ನೋಡಿದ. "ಆವತ್ತು ಚಹಾ ಸುಟ್ಟಿರ್ಲಿಲ್ಲ, ಹೌದಲ್ಲೋ?" ಎಂದ. ನಾನು ಕತ್ತರಿ ಎತ್ತಿ ಮೇಜಿನ ಮೇಲಿಟ್ಟೆ. ಅವನು ಹೊಟ್ಟೆ ಹಿಡಿದುಕೊಂಡು ಬೀದಿಗಿಳಿದ. ಅಂಥ ಕೆಟ್ಟ ನಟನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. "ಅವ್ವಾ ಸಾಯ್ತೀನಿ" ಎಂದು, ಎದುರಿಗೆ ಸಿಕ್ಕ ಗಿರಾಕಿಗೆ "ನಿಮ್ಮ ಅಂಗಿ ನಾಳೆ ಕೊಡ್ತೀನ್ರಿ" ಎಂದು, ಮತ್ತೆ "ಸಾಯ್ತೀನಿ" ಎನ್ನುತ್ತಿದ್ದ.

ಎಸ್ತೇರಮ್ಮ ಸಿಸ್ಟರು ಮೂವತ್ತು ವರ್ಷದಲ್ಲಿ ಸಾವಿರ ಕಳ್ಳ ಹೊಟ್ಟೆನೋವು ನೋಡಿದವರು. "ಎಲ್ಲಿ ನೋವು?" ಎಂದರು. ರಾಜೇಸಾಬ ಎಡಗಡೆ ತೋರಿಸಿದ. ನಾನು ಕೆಮ್ಮಿದೆ. ಬಲಗಡೆ ತೋರಿಸಿದ. ಸಿಸ್ಟರು ನಮ್ಮಿಬ್ಬರನ್ನೂ ಕನ್ನಡಕದ ಮೇಲಿಂದ ನೋಡಿ, "ಹುಡುಗಿ ಹೊಟ್ಟಿ ಒತ್ತಿ ನೋಡೂಣು, ಜೀಪ್ ತಗೀರಿ" ಎಂದರು. ಇದ್ದ ಜೀಪು ಬ್ರೇಕಿಲ್ಲದ್ದು. ಹೊಳೆದಂಡೆಗೆ ನಾಲ್ಕು ನಿಮಿಷದಲ್ಲಿ ಮುಟ್ಟಿದೆವು, ನಿಲ್ಲುವುದಕ್ಕೆ ಆರು ನಿಮಿಷ ಹಿಡಿಯಿತು.

ದುರ್ಗವ್ವ ಕಂಬದ ಮೇಲಿಂದ ಕೂಗಿದಳು, "ಕಾಕಾ! ನಿನಗೇನಾತು?"

"ಸಾಯಾಕತ್ತೀನವ್ವ, ಇಳಿ!"

"ಸಾಯೂದಾದ್ರ ಐದು ನಿಮಿಷ ತಡಿ! ಫ್ರಿಜ್ಜಿಗೆ ಕರೆಂಟ್ ಕೊಟ್ಟು ಬರ್ತೀನಿ. ಕೂಸುಗೋಳ ಲಸಿಕಿ ಐತಿ!"

ಆ ಐದು ನಿಮಿಷದ ಬಗ್ಗೆ ನಾನು ಏನು ಹೇಳಿದರೂ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ, ಅದಕ್ಕೆ ಬಿಡುತ್ತೇನೆ. ಕಡೆಗೆ ಅವಳು ತಂತಿ ಜೋಡಿಸಿ, ಕಂಬ ತಬ್ಬಿ ಸರ್ರನೆ ಜಾರಿ ಇಳಿದಳು. ಸಿಸ್ಟರು ಅವಳನ್ನು ಜೀಪಿನ ಸೀಟಿನ ಮೇಲೆ ಮಲಗಿಸಿ, ಬಲಗಡೆ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಫಕ್ಕನೆ ಕೈ ತೆಗೆದರು.

ರಾಜೇಸಾಬ ಚೀರುವುದನ್ನು ಮರೆತು ಕುತೂಹಲದಿಂದ ಬಗ್ಗಿ ನೋಡುತ್ತಿದ್ದ. ಚೀರಿದವನು ನಾನು. ಏಳೂ ಕೇಂದ್ರಗಳಿಗೆ ಕೇಳಿಸಿತು. ಆಮೇಲೆ ಏಳರಿಂದಲೂ ಫೋನು ಬಂದಿದೆ, ಬೇಕಾದರೆ ವಿಚಾರಿಸಿ.

"ಮುಳ್ಳು... ಮುಳ್ಳು ತುಳದ್ನಿ" ಎಂದೆ, ನೆಲದ ಮೇಲಿಂದ.

"ನೀವು ಮುಳ್ಳು ತುಳಿದ್ರ ಚೀರಬೇಕಾದಾಕಿ ನಾನು" ಎಂದರು ಸಿಸ್ಟರು. ಅವರ ಪಾದ ಸುಖವಾಗಿತ್ತು.

ದುರ್ಗವ್ವ ಎದ್ದು ಕೂತಳು. "ಕಾಕಾಗ ಏನೂ ಆಗಿಲ್ಲ ಅಂದ್ರ ನನಗೂ ಏನೂ ಆಗಿಲ್ಲ. ಈ ಅಡಿವೆಪ್ಪ ಕಾಕಾನ ಗ್ಯಾಸು ಊರಿಗೇ ಗೊತ್ತೈತಿ. ಮುಂದಿನ ಕಂಬ ಬಾಕಿ ಐತ್ರಿ" ಎಂದು ಸೊಂಟದ ಪಟ್ಟಿ ಬಿಗಿದುಕೊಂಡು ಹೊರಟೇಬಿಟ್ಟಳು. ರಾಜೇಸಾಬ ನನ್ನ ಕಡೆ ನೋಡಿದ. ಈಗ ಅವನು ನಟಿಸುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಅವನಿಗೆ ಮಗಳಂತಿದ್ದವಳೂ ಕೈತಪ್ಪುತ್ತಾಳೆ, ನನ್ನ ಕುರ್ಚಿಯೂ ಹೋಗುತ್ತದೆ. ಮುಚ್ಚಿದರೆ ಅವಳ ಜೀವವೇ ಹೋಗುತ್ತದೆ. "ಹೇಳೋ, ಹೇಳಿಬಿಡು" ಎಂದ.

ಹೇಳಿದೆ. ಜನ್ಮದಲ್ಲಿ ಮೊದಲ ಸಲ ಒಂದಕ್ಕೆ ಒಂದೂವರೆ ಸೇರಿಸದೆ ಹೇಳಿದೆ. "ದುರ್ಗವ್ವ, ನೀ ಮೂರನೇ ಕ್ಲಾಸಿನ್ಯಾಗ ಹುಣಸೀಗಿಡದಿಂದ ಬಿದ್ದಿ, ಎಡಮೊಣಕೈ. ಆರು ವಾರ ನಾ ಎಡಗೈಲೆ ಫೋನ್ ಎತ್ತಲಿಲ್ಲ. ಏಳನೇ ಕ್ಲಾಸಿನ್ಯಾಗ ಸೈಕಲ್ ಸರಪಳಿಗೆ ಬಲಗಾಲಿನ ಕಿರಿಬೆರಳು ಸಿಗಿಸಿಕೊಂಡಿ, ಯಾರಿಗೂ ಹೇಳಲಿಲ್ಲ. ಹೋದ ಯುಗಾದಿಗೆ ಹೋಳಿಗಿ ಹಂಚಿನ ಮ್ಯಾಲೆ ಹೆಬ್ಬೆಟ್ಟು ಸುಟ್ಟಿತು. ಮೊನ್ನೆ ಬುಧವಾರ ಕಿವೀಗೆ ಹೊಸಾ ಓಲೆ ಹಾಕಿಕೊಂಡಿ, ಬಲಗಿವಿ ಇನ್ನೂ ಕೀವಾಡಾಕತ್ತೈತಿ, ಕೊಬ್ಬರಿಎಣ್ಣಿ ಹಚ್ಚಬ್ಯಾಡ, ಸಿಸ್ಟರಿಗೆ ತೋರ್ಸು."

ಅವಳ ಕೈ ತಾನಾಗಿ ಕಿವಿಗೆ ಹೋಯಿತು. ನಂಬಬೇಕೋ ಬೇಡವೋ ಎಂಬ ಮುಖ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಎಡತೋಳು ಚಿವುಟಬ್ಯಾಡವ್ವ, ಮದಲ ಹೊಟ್ಟಿ ಹರಿಯಾಕತ್ತೈತಿ" ಎಂದೆ.

ಅವಳು ಸೊಂಟದ ಪಟ್ಟಿ ಬಿಚ್ಚಿ ಜೀಪಿಗೆ ಹತ್ತಿದಳು. ಸಿಸ್ಟರು ನನ್ನನ್ನು ಎತ್ತಿ ಕೂರಿಸುತ್ತ, "ಇಪ್ಪತ್ತೆರಡು ವರ್ಷ! ನಿಮ್ಮ ಕೆನ್ನೀಗೊಂದು ಬಾರಿಸಬೇಕು ಅನ್ನಸ್ತೈತಿ, ಆದರ ಉರಿಯೂದು ನನಗ" ಎಂದು ಹಲ್ಲು ಕಡಿದರು.

ದೋಣಿಯಲ್ಲಿ ಹೊಳೆ ದಾಟಿ ದೊಡ್ಡಾಸ್ಪತ್ರೆ ಸೇರಿದೆವು. ಎರಡು ಮಂಚ ಪಕ್ಕಪಕ್ಕ ಹಾಕಿದರು. ಅರಿವಳಿಕೆ ನನಗೆ, ಕತ್ತಿ ಅವಳಿಗೆ. ನಾನು ಒಂದು, ಎರಡು ಎಣಿಸುವಷ್ಟರಲ್ಲಿ ರಾಜೇಸಾಬ ನಮ್ಮಿಬ್ಬರ ಮಂಚದ ನಡುವೆ ನಿಂತು, ಅವಳ ಕೈ ಒಂದರಲ್ಲಿ, ನನ್ನದು ಇನ್ನೊಂದರಲ್ಲಿ ಹಿಡಿದಿದ್ದು ಕಂಡಿತು. ಮೂರು ಎಂದದ್ದು ನೆನಪಿಲ್ಲ. ಕೊಯ್ಯುವಷ್ಟು ಹೊತ್ತೂ ಅವಳು ಮೇಲಿನ ದೀಪದ ವೈರಿಂಗು ಸರಿಯಿಲ್ಲವೆಂದು ಸರ್ಜನರಿಗೆ ಪಾಠ ಹೇಳಿದಳಂತೆ. ಇನ್ನೊಂದು ತಾಸು ತಡವಾಗಿದ್ದರೆ ಒಡೆಯುತ್ತಿತ್ತು ಎಂದರಂತೆ ಸರ್ಜನರು. ಹೊಲಿಗೆಯ ನೋವಿಗೆ ನಾನು ಎಂಟು ದಿನ ಮಲಗಿದೆ. ಅವಳನ್ನು ಮಲಗಿಸಿಡುವುದಕ್ಕೆ ಮೂವರು ನರ್ಸುಗಳು ಬೇಕಾದರು.

ಒಂಬತ್ತನೇ ದಿನ ಪ್ರಾಂತ್ಯಕ್ಕೆ ನಾನೇ ಪತ್ರ ಬರೆದೆ, ಪುಸ್ತಕದ ಸಾಲಿಗೆ ಕೆಂಪು ಗೆರೆ ಎಳೆದೆ, ಸಂತೆಯ ನಡುವೆ ಕೂತು ಮೀಸೆ ಬೋಳಿಸಿಕೊಂಡೆ. ನೋಡಲು ನಲವತ್ತು ಸಾವಿರ ಜನ ಸೇರಿದ್ದರು. ದೊಡ್ಡ ಸಾಹೇಬರು ವಿಚಾರಣೆಗೆ ಬಂದರು. ಎಲ್ಲ ಕೇಳಿ, "ಹಂಗಾದ್ರ ಆ ಜಾನಪದ ಸ್ವಾಗತ?" ಎಂದರು. "ಟ್ರಾನ್ಸ್‌ಫಾರ್ಮರ್ ಸರ್" ಎಂದೆ. ಮುಖಕ್ಕೆ ಫೈಲು ಅಡ್ಡ ಹಿಡಿದರು, ಫೈಲು ಅಲುಗಾಡುತ್ತಿತ್ತು. ನನ್ನ ಬಡ್ತಿ ಹೋಯಿತು, ಕುರ್ಚಿ ಉಳಿಯಿತು. ಸೂಜಿ ದಿನ ಊರಿನ ಮೇಕೆಗಳನ್ನೆಲ್ಲ ಕಟ್ಟಿಹಾಕತಕ್ಕದ್ದು ಎಂದು ಏಳೂ ಕೇಂದ್ರಗಳಿಗೆ ಸುತ್ತೋಲೆ ಹೊರಟಿತು.

ರಾಜೇಸಾಬ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೇ ದಿನ ದುರ್ಗವ್ವ ಡಬ್ಬಿ ಹಿಡಿದು ಅವನ ಬಾಗಿಲಿಗೆ ಹೋದಳು. "ನಾ ಈಗ ನಿನಗ ಯಾರೂ ಅಲ್ಲವ್ವ, ಪುಸ್ತಕದಾಗ ಗೆರಿ ಹೊಡದಾರ" ಎಂದನಂತೆ. "ಹೋಳಿಗಿ ಕೊಡಾಕ ಪುಸ್ತಕ ಯಾಕ ಬೇಕು ಕಾಕಾ? ತುಪ್ಪ ಆರ್ತೈತಿ, ತಾಟ್ ತಗೊಂಡು ಬಾ" ಎಂದಳಂತೆ. ನನಗೂ ಒಂದು ಡಬ್ಬಿ ಬಂತು. ಎದುರಿಗೆ ಕೂತು ಕೇಳಿದಳು, "ಏನು ತ್ರಾಸು ಕೊಟ್ನಿ ಕಾಕಾ?" ಇಪ್ಪತ್ತೆರಡು ವರ್ಷದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಹನ್ನೆರಡು ಹೋಳಿಗೆ ಖಾಲಿಯಾಗಿದ್ದವು. ಅವಳು ನಗಲಿಲ್ಲ. "ಒಮ್ಮೆ ಬೈದಿದ್ರ ನಾ ಕೈಗವಸು ಹಾಕ್ತಿದ್ನಿ" ಎಂದಳು.

ಈಗ ಕೈಗವಸು ಹಾಕುತ್ತಾಳೆ, ಪಟ್ಟಿ ಕಟ್ಟುತ್ತಾಳೆ, ಕಂಬದಿಂದ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾಳೆ. ಮೊದಮೊದಲು ನನಗೆ ಸ್ವರ್ಗವೇ ಸಿಕ್ಕಿತು. ಹನ್ನೊಂದು ದಿನ ಒಂದು ಸಣ್ಣ ಗೀರು ಸಹ ಬರಲಿಲ್ಲ. ಹನ್ನೆರಡನೇ ದಿನ ಕರೆಗಳನ್ನು ಅರ್ಧಕ್ಕೆ ಬಿಟ್ಟು ಊರೆಲ್ಲ ಅವಳನ್ನು ಹುಡುಕಿದೆ. ಹಳೇಪೇಟೆಯ ಕಂಬದ ಮೇಲಿದ್ದಳು. "ಯಾಕ ಕಾಕಾ, ಗಾಬರಿಯಾಗೀರಿ?" ಎಂದಳು. "ಏನಿಲ್ಲ, ಸುಮ್ನ ಬಂದ್ನಿ, ಗಾಳಿ ತಗೊಳ್ಳಾಕ" ಎಂದೆ. ಕೆಳಗೆ ನನ್ನನ್ನೇ ನೋಡಿ, ಒಂದು ಕೈಗವಸು ತೆಗೆದು, ಎಡತೋಳನ್ನು ಮೆಲ್ಲಗೆ ಚಿವುಟಿಕೊಂಡಳು. ನನ್ನ ತೋಳು ಚುರ್ ಎಂದಿತು.

ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಏಳು ಕೇಂದ್ರಗಳಿಂದ ಏಳು ಕರೆ ಬರುತ್ತವೆ. ಏಳನೆಯದು ಮುಗಿದು ಫೋನು ಕೆಳಗಿಟ್ಟ ಮೇಲೂ ನಾನು ಕುರ್ಚಿ ಬಿಡುವುದಿಲ್ಲ, ತೋಳು ಮಡಚಿ ಕಾಯುತ್ತೇನೆ. ಚುರ್ ಎನ್ನುತ್ತದೆ. ಆಗ ಗೋಡೆಯಾಚೆಯ ಸಿಸ್ಟರಿಗೆ, ಅಂಗಡಿಯಲ್ಲಿ ಕಿವಿಗೊಟ್ಟು ಕೂತ ರಾಜೇಸಾಬನಿಗೆ, ಆದಷ್ಟು ಹೊಳೆಯಾಚೆಗೂ ಕೇಳಿಸಲೆಂದು "ಅಯ್ಯಯ್ಯೋ, ಸತ್ನೆಪ್ಪೋ!" ಎಂದು ಕೂಗುತ್ತೇನೆ. ಅಷ್ಟು ನೋವಾಗುವುದಿಲ್ಲ, ನಿಜ. ಆದರೆ ಇಪ್ಪತ್ತೆರಡು ವರ್ಷದ ಬಾಕಿ ಕೂಗು ಗಂಟಲಲ್ಲಿದೆ ನೋಡಿ.